ವರ್ಷಕ್ಕೊಂದೇ ಇಳಿತ: ತುಂಗಭದ್ರೆಯ ಹಿನ್ನೀರಿನ ಹಕ್ಕಿಗಳು

ಮಳೆಗಾಲ ಬಂತೆಂದರೆ ಪತ್ರಿಕೆಯ ಒಳಪುಟದ ಮೂಲೆಯೊಂದರಲ್ಲಿ ಜಲಾಶಯಗಳ ನೀರಿನ ಮಟ್ಟ ಪ್ರಕಟವಾಗತೊಡಗುತ್ತದೆ. ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಈ ಪುಟ್ಟ ಪಟ್ಟಿಯನ್ನು ಹೊಸಪೇಟೆ, ಕಂಪ್ಲಿ, ಗಂಗಾವತಿ ಕಡೆಯ ರೈತರು ರಾಶಿಫಲಕ್ಕಿಂತ ಹೆಚ್ಚು ಶ್ರದ್ಧೆಯಿಂದ ಓದುತ್ತಾರೆ. ಎರಡನೇ ಬೆಳೆಗೆ ನೀರು ಸಿಕ್ಕೀತೆ ಎಂಬುದು ಅವರ ಚಿಂತೆ. ಆ ಸೀಮೆಗೆ ಹಕ್ಕಿ ನೋಡಲು ಹೊರಡುವವರೂ ಓದಬೇಕಾದದ್ದು ಇದೇ ಪಟ್ಟಿಯನ್ನು. ಯಾವ ತಿಂಗಳಲ್ಲಿ ಯಾವ ದಂಡೆಗೆ ಹೋದರೆ ಏನು ಕಂಡೀತು ಎಂಬುದನ್ನು ಬಹುಮಟ್ಟಿಗೆ ಆ ಅಂಕಿಗಳೇ ಹೇಳುತ್ತವೆ.

ಕುಮಟಾ ಬಳಿ ಅಘನಾಶಿನಿ ಸಮುದ್ರ ಸೇರುವ ಅಳಿವೆಯಲ್ಲಿ ದಿನಕ್ಕೆ ಎರಡು ಬಾರಿ ನೀರು ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಇಳಿತದ ಹೊತ್ತಿನಲ್ಲಿ ಬಯಲಾಗುವ ಕೆಸರೇ ಹಕ್ಕಿಗಳ ಊಟದ ಎಲೆ. ಹುಳು, ಸೀಗಡಿ, ಚಿಪ್ಪಿನ ಜೀವಿಗಳೆಲ್ಲ ಅಲ್ಲಿ ಕೊಕ್ಕಿಗೆ ಸಿಗುತ್ತವೆ. ಸಮುದ್ರದಿಂದ ಅಷ್ಟು ದೂರದ ಹೊಸಪೇಟೆಗೆ ಅಳಿವೆ ಎಲ್ಲಿಂದ ಬರಬೇಕು? ಆದರೂ ಊರಿನ ಮಗ್ಗುಲಿಗೇ ಇರುವ ತುಂಗಭದ್ರಾ ಜಲಾಶಯ ಅಳಿವೆಯ ಕೆಲಸವನ್ನೇ ಬೇರೊಂದು ಲೆಕ್ಕದಲ್ಲಿ ಮಾಡುತ್ತಿದೆ. ಇಲ್ಲಿ ಉಬ್ಬರ ವರ್ಷಕ್ಕೊಂದೇ, ಮಲೆನಾಡಿನ ಮಳೆ ಹರಿದು ಬರುವ ಜುಲೈ–ಆಗಸ್ಟ್‌ನಲ್ಲಿ. ಇಳಿತವೂ ಒಂದೇ, ಅದು ಚಳಿಗಾಲದಲ್ಲಿ ಶುರುವಾಗಿ ಮೇ ಕೊನೆಯವರೆಗೂ ನಿಧಾನವಾಗಿ ಸಾಗುತ್ತದೆ. ಅಲ್ಲಿ ನೀರನ್ನು ಆಳುವವನು ಚಂದ್ರನಾದರೆ ಇಲ್ಲಿ ಕಾಲುವೆಯ ತೂಬು.

1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ಸಿದ್ಧವಾದ ಈ ಅಣೆಕಟ್ಟೆಯ ಗರಿಷ್ಠ ಮಟ್ಟ 1,633 ಅಡಿ. ತುಂಬಿದಾಗ ನೀರು ಸುಮಾರು 378 ಚದರ ಕಿ.ಮೀ. ಹರಡಿಕೊಳ್ಳುತ್ತದೆ. ಹಿನ್ನೀರಿನ ನೆಲ ಬಹುಪಾಲು ತಟ್ಟೆಯಂತೆ ಚಪ್ಪಟೆಯಾದ್ದರಿಂದ ಮಟ್ಟ ಒಂದಡಿ ಇಳಿದರೂ ದಂಡೆ ಬಹುದೂರ ಹಿಂದೆ ಸರಿಯುತ್ತದೆ. ಆಗ ಉಳಿಯುವುದು ಮೊಣಕಾಲುದ್ದದ ನೀರು, ಅದರಾಚೆ ಹಸಿ ಕೆಸರು, ಇನ್ನೂ ಆಚೆ ಎಳೆಹುಲ್ಲು. ಒಂದೊಂದು ಪಟ್ಟಿಗೂ ಒಂದೊಂದು ಜಾತಿ. ಉದ್ದ ಕಾಲಿನ ರಾಜಹಂಸ ನೀರಿನೊಳಗೆ, ಗಿಡ್ಡ ಕಾಲಿನ ಗೊರವಗಳು ಕೆಸರಿನ ಅಂಚಿನಲ್ಲಿ, ಸಿಪಿಲೆಗಳು ಹುಲ್ಲಿನಲ್ಲಿ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹೊಲಗಳಲ್ಲಿ ಮೇದು ನೀರಿಗೆ ಮರಳುತ್ತವೆ.

ಹೊಸಬರು ಸಾಮಾನ್ಯವಾಗಿ ಅಣೆಕಟ್ಟೆಯ ಮೇಲೆ ನಿಂತು ನೋಡಿ, ಏನೂ ಇಲ್ಲವೆಂದು ಹಿಂದಿರುಗುತ್ತಾರೆ. ಅಲ್ಲಿ ನೀರು ಆಳ. ಆಳದಲ್ಲಿ ಮುಳುಗುವ ನೀರುಕಾಗೆಗೆ ಬಿಟ್ಟರೆ ಹೆಚ್ಚಿನವಕ್ಕೆ ಅಲ್ಲಿ ಕೆಲಸವಿಲ್ಲ. ಹೋಗಬೇಕಾದದ್ದು ಜಲಾಶಯದ ಅಂಚಿಗೆ, ಮರಿಯಮ್ಮನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯ ಹಿನ್ನೀರಿಗೆ. ಅದೂ ಡಿಸೆಂಬರ್‌ನಿಂದ ಫೆಬ್ರುವರಿಯ ನಡುವೆ, ಬೆಳಿಗ್ಗೆ ಬಿಸಿಲೇರುವ ಮುನ್ನ, ಸೂರ್ಯ ಬೆನ್ನಿಗಿರುವಂತೆ ನಿಂತು. ದಾರಿಯ ಬಿಳಿಜೋಳದ ಹೊಲಗಳ ಮೇಲೆ ಗುಲಾಬಿ ಕಬ್ಬಕ್ಕಿಗಳ ಹಿಂಡು ಹೊಗೆಯಂತೆ ಎದ್ದು ಇಳಿಯುವುದು ಬೇರೆ ಬೋನಸ್ಸು. ರೈತರ ಕವಣೆಗೆ ಅವು ಅಷ್ಟಾಗಿ ಬೆದರುವುದಿಲ್ಲ.

ಈ ಅಂಚಿನ ಹಿಂದೆ ಒಂದು ನೋವಿನ ಲೆಕ್ಕವಿದೆ. ಜಲಾಶಯಕ್ಕಾಗಿ ಸುಮಾರು 90 ಹಳ್ಳಿಗಳು ಮುಳುಗಿದವು. ಅವುಗಳಲ್ಲೊಂದಾದ ನಾರಾಯಣದೇವರಕೆರೆಯ ಜನ ನೆಲೆ ಕಂಡದ್ದು ಮರಿಯಮ್ಮನಹಳ್ಳಿಯಲ್ಲಿ. ಇನ್ನೊಂದು ಲೆಕ್ಕ ಹೂಳಿನದು. ಮೊದಲಿಗೆ ಸುಮಾರು 133 ಟಿಎಂಸಿ ಇದ್ದ ಸಾಮರ್ಥ್ಯ ಈಗ 105.79 ಟಿಎಂಸಿಗೆ ಇಳಿದಿದೆ. ರೈತನ ಪಾಲಿಗೆ ಅಷ್ಟೂ ಕಳೆದುಹೋದ ನೀರು. ಗೊರವದ ಪಾಲಿಗೆ ಹೊಸದಾಗಿ ಸಿಕ್ಕ ಕೆಸರುಗದ್ದೆ. ಹಕ್ಕಿಪ್ರೇಮಿಗಳು ಹಿನ್ನೀರನ್ನು ಹೊಗಳುವಾಗ ಈ ಮಾತನ್ನು ಸಾಮಾನ್ಯವಾಗಿ ನುಂಗಿಬಿಡುತ್ತಾರೆ.

ಹಿನ್ನೀರು ಊಟದ ಮನೆಯಾದರೆ ತೊಟ್ಟಿಲು ಇರುವುದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದಲ್ಲಿ. ಸುಮಾರು 244 ಎಕರೆಯ ಈ ನೀರಾವರಿ ಕೆರೆಯೊಳಗೆ ಕರಿಜಾಲಿ ಮರಗಳು ನಿಂತಿವೆ. ನೀರಿನಲ್ಲಿ ನಿಂತ ಮರಕ್ಕೆ ಬೆಕ್ಕು, ನಾಯಿ, ನರಿ ಬರಲಾರವು. ಜಾಲಿಯ ಮುಳ್ಳು ಮತ್ತೊಂದು ಬೇಲಿ. ಬಣ್ಣದ ಕೊಕ್ಕರೆ, ಬಾಯಿಕಳಕ, ಬಿಳಿ ಕೆಂಬರಲು ಇಲ್ಲಿ ಸೇರುವುದಕ್ಕೆ ಕಾರಣ ಇದೇ. ಗೂಡು ಕಟ್ಟಲು, ರಾತ್ರಿ ತಂಗಲು ಬರುವ ನೀರುಹಕ್ಕಿಗಳ ಸಂಖ್ಯೆ 30 ಸಾವಿರ ದಾಟುತ್ತದೆ. ಸಂಜೆ ಐದರ ನಂತರ ಏರಿಯ ಮೇಲೆ ಸುಮ್ಮನೆ ಕುಳಿತರೆ ಸಾಕು, ನಾಲ್ಕು ದಿಕ್ಕಿನಿಂದಲೂ ಸಾಲುಗಳು ಬಂದು ಮರಗಳ ಮೇಲೆ ಇಳಿಯುತ್ತವೆ. 2017ರಲ್ಲಿ ಇದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಅದೇ ಅಘನಾಶಿನಿ ಅಳಿವೆಯ ಜೊತೆಗೆ ರಾಮ್ಸಾರ್ ಪಟ್ಟಿ ಸೇರಿತು. ಕರ್ನಾಟಕಕ್ಕೆ ಅದಕ್ಕೂ ಮೊದಲು ಆ ಪಟ್ಟಿಯಲ್ಲಿದ್ದದ್ದು ರಂಗನತಿಟ್ಟು ಒಂದೇ. ಆದರೆ ಕೆರೆ ಬತ್ತಿದರೆ ನಾಯಿ ಮರದ ಬುಡಕ್ಕೆ ಬರುತ್ತದೆ. ವರ್ಷವಿಡೀ ತುಂಬಿಯೇ ಇದ್ದರೆ ಮರದ ಬೇರು ಕೊಳೆಯುತ್ತದೆ. ತೊಟ್ಟಿಲು ಉಳಿಯಬೇಕಾದರೆ ಇಲ್ಲೂ ನೀರು ಹದದಲ್ಲಿ ಏರಿಳಿಯಬೇಕು.

ಅಣೆಕಟ್ಟೆಯ ಕೆಳಗೆ ಕಥೆ ಬೇರೆ. ಹಂಪಿಯಲ್ಲಿ ನೀರನ್ನು ಹಂಚುವ ವಿದ್ಯೆ ವಿಜಯನಗರದ ಕಾಲದ್ದು. ತುರ್ತು ಕಾಲುವೆ ಇಂದಿಗೂ ಬಾಳೆ, ಭತ್ತಕ್ಕೆ ನೀರುಣಿಸುತ್ತಿದೆ. ಕಮಲಾಪುರದ ಕೆರೆಯಲ್ಲಿ ನಾಮದ ಕೋಳಿ, ಗುಳುಮುಳುಕ, ವರಟೆಗಳನ್ನು ರಸ್ತೆಯಿಂದಲೇ ನೋಡಬಹುದು. ಆದರೆ ಹಂಪಿಯ ನಿಜವಾದ ಒಡೆಯ ನೀರಿನ ಹಕ್ಕಿಯಲ್ಲ, ಬಂಡೆಯ ಹಕ್ಕಿ: ಹಳದಿ ಕತ್ತಿನ ಪಿಕಳಾರ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಅದು ಇಲ್ಲ. ಕಲ್ಲುಗಣಿಗಾರಿಕೆ ಇದರ ದೊಡ್ಡ ಶತ್ರು. ಸ್ಮಾರಕಗಳ ನೆಪದಲ್ಲಿ ಹಂಪಿಯ ಬಂಡೆಗಳು ಉಳಿದದ್ದರಿಂದ ಈ ಹಕ್ಕಿಗೂ ಆಸರೆ ಸಿಕ್ಕಿತು.

ಹೊಳೆಯಾಚೆ, ಆನೆಗೊಂದಿ ಕಡೆ, ಪಂಪಾ ಸರೋವರವಿದೆ. ವಾಲ್ಮೀಕಿ ರಾಮಾಯಣದಲ್ಲಿ ಕಬಂಧ ರಾಮನಿಗೆ ಪಂಪೆಯ ದಾರಿ ಹೇಳುತ್ತ, ಅಲ್ಲಿನ ಹಕ್ಕಿಗಳು ಕೊಲ್ಲುವುದೆಂದರೇನೆಂದು ಅರಿಯವು, ಮನುಷ್ಯರನ್ನು ಕಂಡು ಬೆದರುವುದಿಲ್ಲ ಎನ್ನುತ್ತಾನೆ. ಅದರ ಬೆನ್ನಿಗೇ ಅವು ಕೊಬ್ಬಿವೆ, ತಿನ್ನಲು ಯೋಗ್ಯ ಎಂದೂ ಸೇರಿಸುತ್ತಾನೆ. ಹರಿಕಥೆಗಳಲ್ಲಿ ಈ ಭಾಗ ಕೇಳಿಬರುವುದು ಅಪರೂಪ. ಈಗಿನ ಹಕ್ಕಿಗಳು ಪಾಠ ಕಲಿತಿವೆ. ನಡೆದು ಹತ್ತಿರ ಹೋಗುವುದಕ್ಕಿಂತ ದುರ್ಬೀನು ಹಿಡಿದು ಬಂಡೆಯ ನೆರಳಿನಲ್ಲಿ ಕಾಯುವುದೇ ಲೇಸು.

ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗೆ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ ಮಾಡಲಾಯಿತು. ನೀರುನಾಯಿಗೆ ಬೇಕಾದ ಮೀನೇ ಮಿಂಚುಳ್ಳಿಗೂ ಹೊಳೆ ರೀವಕ್ಕೂ ಬೇಕು. ಕಂಪ್ಲಿಯ ಗದ್ದೆಗಳಲ್ಲಿ ಉಳುಮೆಯ ದಿನ ಬೆಳ್ಳಕ್ಕಿಗಳು ಟ್ರ್ಯಾಕ್ಟರಿನ ಹಿಂದೆ ನಡೆಯುತ್ತವೆ, ನಾಟಿಯ ನಂತರ ಬಾಯಿಕಳಕಗಳು ಬಸವನಹುಳು ಹೆಕ್ಕುತ್ತವೆ, ತೆನೆ ಕಟ್ಟಿದ ಮೇಲೆ ಗೀಜಗ, ರಾಟವಾಳಗಳ ಸರದಿ. ಕ್ರಿಮಿನಾಶಕ ಸಿಂಪಡಿಸಿದ ವಾರ ಮಾತ್ರ ಗದ್ದೆ ನಿಶ್ಶಬ್ದ.

ಸಂಡೂರು ತಾಲ್ಲೂಕಿನದು ಒಣನೆಲ ಮತ್ತು ಬೆಟ್ಟದ ಲೋಕ. 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮದಲ್ಲಿ ಕರಡಿಗಳಿಗಾಗಿ ಬಂಡೆಗೆ ಬಳಿದ ಬೆಲ್ಲದ ಪಾಕಕ್ಕೆ ನವಿಲೂ ಚಿಟ್ಟುಕೋಳಿಯೂ ಪಾಲುದಾರರು. ನಾರಿಹಳ್ಳದ ಜಲಾಶಯ ಮತ್ತು ಸುತ್ತಲಿನ ಕಾಡು ಮಳೆ ಮುಗಿದೊಡನೆ ನೋಡಲು ಚೆನ್ನ. ಅದಿರು ಲಾರಿಗಳ ಕೆಂಪು ಧೂಳು ಎಲೆಗಳ ಮೇಲೆ ಕೂರುವ ಮೊದಲೇ ಹೋಗಬೇಕು.

ನೀರಿನ ಲೆಕ್ಕ ತಪ್ಪುವುದೂ ಉಂಟು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಹೋಗಿ, ತುಂಬಿದ್ದ ನೀರು ಹೊಳೆಗೆ ನುಗ್ಗಿತು. ಮರುವರ್ಷ ಹಳೆಯ ಗೇಟುಗಳ ಸುರಕ್ಷತೆಗಾಗಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಲಾಯಿತು. ಇಂಥ ವರ್ಷಗಳಲ್ಲಿ ಹಳೆಯ ತಿಂಗಳ ಲೆಕ್ಕ ನಂಬಿ ಹೊರಟವರು ಹಕ್ಕಿಗಳ ಬದಲು ಒಡೆದ ನೆಲ ನೋಡಬೇಕಾದೀತು. ಪತ್ರಿಕೆಯ ಪಟ್ಟಿ ನೋಡಿಯೇ ಹೊರಡುವುದು ಅದಕ್ಕೇ ಮೇಲು.

ಮಾರ್ಚ್ ಕಳೆದರೆ ವಲಸೆಯವು ಹೊರಟುಹೋಗುತ್ತವೆ. ಆಗ ಹೊಳೆಯ ಮರಳುದಿಬ್ಬಗಳಲ್ಲಿ, ಹಿನ್ನೀರಿನ ನಡುಗಡ್ಡೆಗಳಲ್ಲಿ ಸ್ಥಳೀಯ ರೀವಗಳು ಬರಿನೆಲದ ಮೇಲೆ ಮೊಟ್ಟೆಯಿಡುತ್ತವೆ. ಗೂಡಿಲ್ಲ, ಬೇಲಿಯಿಲ್ಲ, ಮೊಟ್ಟೆಯ ಬಣ್ಣ ಮರಳಿನದೇ. ಫೋಟೊ ತೆಗೆಯುವವರು ತೆಪ್ಪದಲ್ಲಿ ದಿಬ್ಬಕ್ಕೆ ಇಳಿದರೆ ತಾಯಿ ಹಾರುತ್ತದೆ, ಏಪ್ರಿಲ್ ಬಿಸಿಲಿಗೆ ಮೊಟ್ಟೆ ಅಲ್ಪ ಹೊತ್ತಿನಲ್ಲೇ ಕೆಡುತ್ತದೆ. ಆ ಎರಡು ತಿಂಗಳು ದಂಡೆಯಿಂದಲೇ ನೋಡಬೇಕು. ಜೂನ್‌ನಲ್ಲಿ ತೀರ್ಥಹಳ್ಳಿ, ಶೃಂಗೇರಿ ಕಡೆ ಮಳೆ ಹಿಡಿದರೆ ಕೆಂಪು ನೀರು ಹಿನ್ನೀರಿಗೆ ತಲುಪಲು ಹೆಚ್ಚು ದಿನ ಬೇಕಿಲ್ಲ. ಅಷ್ಟರೊಳಗೆ ಮರಿಗಳ ರೆಕ್ಕೆ ಬಲಿತಿರಬೇಕು.