ಐವತ್ತಾರು ಪಾಯಿಂಟ್ ಎಂಟು

ಬೆಳಗಿನ ಐದೂವರೆ. ಆಷಾಢದ ಮಳೆ ಹೆಂಚಿನ ಮೇಲೆ ಒಂದೇ ಸಮನೆ ಹೊಯ್ಯುತ್ತಿದೆ. ಸಾಗರದ ಕಡೆಯ ಈ ಮನೆಯಲ್ಲಿ ಬುಧವಾರ, ಶನಿವಾರ ಒಲೆಗಿಂತ ಮೊದಲು ಹೊತ್ತಿಕೊಳ್ಳುವುದು ತೂಕದ ಯಂತ್ರದ ಕೆಂಪು ಅಂಕಿ. ಚಿಕ್ಕಪ್ಪ ಗೋಡೆ ಹಿಡಿದುಕೊಂಡು ಅದರ ಮೇಲೆ ಹತ್ತುತ್ತಾರೆ.

‘ಗೋಡೆ ಬಿಡಿ’ ಎಂದರು ಚಿಕ್ಕಮ್ಮ. ಕೈ ಊರಿದ್ದರೆ ತೂಕ ಕಡಿಮೆ ಬರುತ್ತದೆ. ಆ ಕಳ್ಳಾಟ ಅವರಿಗೆ ಗೊತ್ತು.

‘ಐವತ್ತಾರು ಪಾಯಿಂಟ್ ಎಂಟು.’

‘ನಿನ್ನೆ ಎರಡು ಸಲ ಸಾರು ಹಾಕಿಸ್ಕೊಂಡ್ರಲ್ಲ, ಅದೇ.’

ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲಿ, ಅದೇ ಚೌಕದ ಮೂಲೆಗೆ, ಪೆನ್ಸಿಲಿನಲ್ಲಿ 56.8 ಬಿತ್ತು. ಡಾಕ್ಟರು ಗೊತ್ತುಮಾಡಿಕೊಟ್ಟ ‘ಡ್ರೈ ವೇಟ್’, ಅಂದರೆ ಹೆಚ್ಚಿನ ನೀರಿಲ್ಲದ ಮೈಯ ತೂಕ, 54. ಮೂತ್ರ ಹೆಚ್ಚುಕಡಿಮೆ ನಿಂತೇ ಹೋದ ಮೈಯಲ್ಲಿ ಎರಡು ಡಯಾಲಿಸಿಸ್‌ಗಳ ನಡುವೆ ಕುಡಿದ ಗಂಜಿ, ಚಹಾ, ಸಾರು ಎಲ್ಲ ಉಳಿದುಕೊಳ್ಳುತ್ತದೆ. ಒಂದು ಲೀಟರ್ ಉಳಿದರೆ ಒಂದು ಕಿಲೋ. ಇವತ್ತು ನಾಲ್ಕು ಗಂಟೆಯಲ್ಲಿ ಮೆಷಿನ್ ಸುಮಾರು 2.8 ಲೀಟರ್ ನೀರು ಎಳೆಯಬೇಕು. ಕಿಡ್ನಿ ಕಾಯಿಲೆಯನ್ನು ಮನೆಯಲ್ಲೇ ಅಳೆಯುವ ಹೊಸ ಸಾಧನಗಳನ್ನು ನೋಡಿ ಬರೆಯೋಣವೆಂದು ಹೊರಟ ನನಗೆ ಎಲ್ಲಕ್ಕಿಂತ ಕೆಲಸಕ್ಕೆ ಬರುವಂತೆ ಕಂಡದ್ದು ಈ ಹಳೇ ತೂಕದ ಯಂತ್ರವೇ.

ಎರಡನೆಯ ಸಾಧನ ಚಿಕ್ಕಪ್ಪನ ಬಲಗೈ ಬೆರಳು. ಎಡ ಮುಂಗೈಯಲ್ಲಿ ಅಪಧಮನಿಗೆ ಅಭಿಧಮನಿಯನ್ನು ಜೋಡಿಸಿ ಹೊಲಿದ ಫಿಸ್ಟುಲಾ ಇದೆ. ನರ ಹೆಬ್ಬೆರಳು ಗಾತ್ರಕ್ಕೆ ಉಬ್ಬಿ ಹಾವಿನಂತೆ ಹರಿದಿದೆ. ಹಲ್ಲುಜ್ಜಿದೊಡನೆ ಅದರ ಮೇಲೆ ಬೆರಳಿಟ್ಟು ಕಣ್ಣು ಮುಚ್ಚುತ್ತಾರೆ. ನನ್ನ ಬೆರಳನ್ನೂ ಇಡಿಸಿದರು. ಡಬ್ಬಿಯೊಳಗೆ ಜೇನುಹುಳ ಹಾಕಿ ಮುಚ್ಚಿದಂಥ ಝುಂ. ಅದು ನಿಂತರೆ ನರ ಕಟ್ಟಿಕೊಂಡಿದೆ ಎಂದರ್ಥ, ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. ಈ ಸದ್ದನ್ನು ಆಲಿಸುವ ಪುಟ್ಟ ಮೈಕುಗಳ ಮೇಲೂ ಸಂಶೋಧನೆ ನಡೆದಿದೆಯಂತೆ ಎಂದೆ. ‘ಬೆರಳಿಗೆ ಚಾರ್ಜ್ ಹಾಕ್ಬೇಕಾಗಿಲ್ಲ’ ಎಂದರು.

ಮೂರನೆಯದು ಬೆಂಗಳೂರಿನ ಮಗ ತಂದುಕೊಟ್ಟ ಸ್ಮಾರ್ಟ್ ವಾಚು. ಆಯುಷ್ಯವಿಡೀ ಎಡಗೈಗೆ ವಾಚು ಕಟ್ಟಿದವರು ಚಿಕ್ಕಪ್ಪ. ಫಿಸ್ಟುಲಾ ಇರುವ ಕೈಗೆ ವಾಚು ಬಿಗಿಯುವಂತಿಲ್ಲ, ಬಿಪಿ ಪಟ್ಟಿ ಸುತ್ತುವಂತಿಲ್ಲ, ಆ ಕೈ ಅಡಿಗೆ ಹಾಕಿ ಮಲಗುವಂತೆಯೂ ಇಲ್ಲ. ಬಲಗೈಯಲ್ಲಿ ಅದು ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಗೆ ಬಡಿಯುತ್ತದೆ.

ವಾಚನ್ನು ನಾನು ಹಗುರ ಮಾಡುತ್ತಿಲ್ಲ. ಅದರಲ್ಲಿ ಒಂದೆಳೆಯ ಇಸಿಜಿ ಇದೆ, ಕಿಡ್ನಿ ಸೋತವರಿಗೆ ಇಸಿಜಿ ಸಣ್ಣ ಸಂಗತಿಯಲ್ಲ. ರಕ್ತದಲ್ಲಿ ಪೊಟ್ಯಾಸಿಯಂ 3.5ರಿಂದ 5ರೊಳಗೆ ಇರಬೇಕು. 6 ದಾಟಿತೆಂದರೆ ಹೃದಯದ ತಾಳ ತಪ್ಪುವ ಭಯ. ಈ ಮನೆಯ ಹಿತ್ತಲಲ್ಲಿ ಬಾಳೆಗೊನೆ, ಎಳನೀರು ಕಣ್ಣೆದುರೇ ಇದ್ದೂ ಬಾಯಿಗಿಲ್ಲದಿರುವುದು ಇದೇ ಕಾರಣಕ್ಕೆ. ಪೊಟ್ಯಾಸಿಯಂ ಏರಿದಾಗ ಇಸಿಜಿಯ ಟಿ ಅಲೆ ಡೇರೆಯ ತುದಿಯಂತೆ ಚೂಪಾಗಬಹುದು. ಅದನ್ನು ಓದಿ ಪೊಟ್ಯಾಸಿಯಂ ಊಹಿಸಲು ಅಮೆರಿಕದ ಮೇಯೊ ಕ್ಲಿನಿಕ್ಕಿನವರು ಕಂಪ್ಯೂಟರಿಗೆ ಪಾಠ ಹೇಳಿದ್ದಾರೆ. ಆದರೆ ಊಹೆ ರಕ್ತಪರೀಕ್ಷೆಯ ಜಾಗದಲ್ಲಿ ಕೂರುವ ಕಾಲ ಇನ್ನೂ ಬಂದಿಲ್ಲ. ಬೆವರಿನಲ್ಲಿ ಯೂರಿಯಾ ಅಳೆಯುವ ಚರ್ಮದ ಪಟ್ಟಿಗಳೂ ಪ್ರಯೋಗಾಲಯಗಳಲ್ಲಿವೆ. ಮಲೆನಾಡಿನ ಆಷಾಢದಲ್ಲಿ ಬೆವರು ತರುವುದು ಎಲ್ಲಿಂದ?

ಆದರೆ ಒಂದು ಹನಿ ರಕ್ತದ ಪಟ್ಟಿಯನ್ನು ನಾನು ನಂಬುತ್ತೇನೆ. ಸಕ್ಕರೆ ನೋಡುವ ಪಟ್ಟಿಯಂಥದ್ದೇ. ಅದರ ಮೇಲಿರುವ ಮೂರು ಕಿಣ್ವಗಳು, ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸವನ್ನು ಒಂದಾದ ಮೇಲೊಂದು ಒಡೆಯುತ್ತವೆ, ಕೊನೆಗೆ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡಿನಿಂದ ಸಣ್ಣ ವಿದ್ಯುತ್ತು ಹರಿಯುತ್ತದೆ, ಅರ್ಧ ನಿಮಿಷದಲ್ಲಿ ಅಂಕಿ ಸಿದ್ಧ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನವಕಾಂತ ಭಟ್ಟರ ತಂಡದಿಂದ ಹುಟ್ಟಿದ ಪಾಥ್‌ಶೋಧ್ ಕಂಪನಿ, ರಕ್ತ ಮತ್ತು ಮೂತ್ರದ ಹಲವು ಪರೀಕ್ಷೆಗಳನ್ನು ಅಂಗೈಯಗಲದ ಒಂದೇ ಯಂತ್ರಕ್ಕೆ ತುಂಬಿಸಿದೆ. ಮೂತ್ರದಲ್ಲಿ ಸೋರುವ ಆಲ್ಬುಮಿನ್ ಎಂಬ ಪ್ರೋಟೀನಿನ ಪತ್ತೆಯೂ ಅದರಲ್ಲಿ ಸೇರಿದೆ. ಇಸ್ರೇಲಿನ ಹೆಲ್ದಿ ಡಾಟ್ ಐಓ ಕಂಪನಿಯದು ಇನ್ನೊಂದು ದಾರಿ: ಮೂತ್ರದಲ್ಲಿ ಅದ್ದಿದ ಬಣ್ಣದ ಪಟ್ಟಿಯನ್ನು ಮೊಬೈಲ್ ಕ್ಯಾಮೆರಾವೇ ಓದುತ್ತದೆ. ಅಮೆರಿಕ 2022ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ನಮ್ಮೂರಿನ ಮಟ್ಟಿಗೆ ಒಂದೇ ತಕರಾರು. ಡಬ್ಬಿಯ ಮುಚ್ಚಳ ತೆಗೆದಿಟ್ಟರೆ ಇಲ್ಲಿನ ಥಂಡಿಗೆ ಪಟ್ಟಿಗಳು ಹಪ್ಪಳಕ್ಕಿಂತ ಬೇಗ ಕೆಡುತ್ತವೆ.

ಅಂಕಿ ಬಂದ ಮೇಲೆ ಅದು ಯಾರಿಗೆ ತಲುಪಬೇಕು? ವಾಚು ಬಡಿದುಕೊಂಡಾಗಲೆಲ್ಲ ಬೆಂಗಳೂರಿನ ಮಗನ ಮೊಬೈಲ್ ಬಡಿದುಕೊಳ್ಳುತ್ತದೆ. ಅವನು ಗಾಬರಿಯಾಗಿ ಫೋನ್ ಮಾಡುತ್ತಾನೆ, ಚಿಕ್ಕಪ್ಪ ಬೈಯುತ್ತಾರೆ. ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಟೆಕ್ನಿಷಿಯನ್ ಹುಡುಗಿ ಮಾತ್ರ ವಾಟ್ಸಾಪಿನಲ್ಲಿ ಕ್ಯಾಲೆಂಡರಿನ ಫೋಟೊ ಕೇಳುತ್ತಾಳೆ. ನಡುವಿನ ದಿನಗಳಲ್ಲೇ ಏರಿಕೆ ಮೂರು ಕಿಲೋ ದಾಟಿದರೆ ಅವಳೇ ಫೋನ್ ಮಾಡಿ, ‘ಅಜ್ಜ, ನಾಳೆಗೆ ಕಾಯ್ಬೇಡಿ, ಇವತ್ತೇ ಬನ್ನಿ’ ಅನ್ನುತ್ತಾಳೆ. ವಾಚಿಗಿಂತ ಆ ಫೋಟೊ ದೊಡ್ಡದು.

ಚಿಕ್ಕಪ್ಪನ ಕಾಯಿಲೆ ಗೊತ್ತಾದದ್ದು ಕಾಲು ಊದಿಕೊಂಡ ಮೇಲೆ. ಆಗ ಕ್ರಿಯಾಟಿನಿನ್ 7.8. ಕಿಡ್ನಿಯ ಶಕ್ತಿ ಹೆಚ್ಚುಕಡಿಮೆ ಅರ್ಧ ಕರಗುವವರೆಗೂ ಕ್ರಿಯಾಟಿನಿನ್ ಸುಮ್ಮನಿರಬಹುದು. ಸಕ್ಕರೆ ಕಾಯಿಲೆಯವರಲ್ಲಿ ಸಾಮಾನ್ಯವಾಗಿ ಅದಕ್ಕೆ ಬಹಳ ಮೊದಲೇ ಸೋರುವುದು ಆಲ್ಬುಮಿನ್. ಇದನ್ನು ಹೇಳುತ್ತಿದ್ದಂತೆ ಚಿಕ್ಕಮ್ಮ ಬುತ್ತಿ ಕಟ್ಟುತ್ತಿದ್ದ ಕೈ ನಿಲ್ಲಿಸಿದರು.

‘ನಂಗೆ ಶುಗರ್ ಬಂದು ಹನ್ನೆರಡು ವರ್ಷ ಆಯ್ತು ಮಾರಾಯ. ಬೆರಳು ಚುಚ್ಚಿ ನೋಡ್ತಾರೆ. ಮೂತ್ರ ಯಾರೂ ಕೇಳಿಲ್ಲ.’

ಆರೂಕಾಲರ ಬಸ್ಸಿನ ಹಾರ್ನ್ ಕೇಳಿತು. ಕೊಡೆ ಬಿಚ್ಚುತ್ತ ಚಿಕ್ಕಪ್ಪ ಅಂಗಳ ದಾಟಿದರು. ಚಿಕ್ಕಮ್ಮ ಒಳಗೆ ಹೋಗಿ ಪೆನ್ಸಿಲ್ ತಂದರು. ಬರುವ ಸೋಮವಾರದ ಚೌಕದಲ್ಲಿ, ಹಾಲಿನ ಲೆಕ್ಕದ ಕೆಳಗೆ, ಈಗ ‘ನನ್ನ ಮೂತ್ರ ಪರೀಕ್ಷೆ’ ಎಂದು ಬರೆದಿದೆ.