ಮಾವಡಿ ಮೂಲದ ಕಂಡಕ್ಟರು, ಮೆಜೆಸ್ಟಿಕ್‌ನ ಬಸ್ಸು

ಪುಣೆಯಲ್ಲಿ ಹುಟ್ಟಿ ಬೆಳೆದ ಕನ್ನಡಿಗರ ಮಕ್ಕಳಿಗೆ ಮರಾಠಿಯ ಮೊದಲ ಪಾಠ ಹೇಳಿಕೊಟ್ಟವರು ಯಾರು? ಈಗ ಐವತ್ತು, ಅರುವತ್ತು ದಾಟಿದವರನ್ನು ಕೇಳಿ ನೋಡಿ. ಶಾಲೆಯ ಮಾಸ್ತರರಿಗಿಂತ ಮೊದಲು ಪಿ.ಎಂ.ಟಿ. ಬಸ್ಸಿನ ಕಂಡಕ್ಟರು ನೆನಪಾದರೆ ಆಶ್ಚರ್ಯವಿಲ್ಲ. ಖಾಕಿ ಅಂಗಿ, ಹೆಗಲಿಗೆ ಚರ್ಮದ ಚೀಲ, ಕೈಯಲ್ಲಿ ಬಣ್ಣಬಣ್ಣದ ಟಿಕೆಟುಗಳ ತಗಡಿನ ಪೆಟ್ಟಿಗೆ, ಟಿಕ್ ಟಿಕ್ ಎನ್ನುವ ಪಂಚು. 'ಪುಢೇ ಚಲಾ', 'ಸುಟ್ಟೇ ದ್ಯಾ' ಎಂಬ ಮಾತುಗಳು ಬಾಯಿಪಾಠವಾಗಲು ಪುಸ್ತಕ ಬೇಕಿರಲಿಲ್ಲ. ಮನೆಗೆ ಬಂದ ಮೇಲೆ ಹರಿದ ಟಿಕೆಟುಗಳನ್ನು ಕೂಡಿಟ್ಟುಕೊಂಡು, ಅಪ್ಪನ ಹಳೆಯ ಚೀಲ ನೇತುಹಾಕಿಕೊಂಡು ಕಂಡಕ್ಟರ್ ಆಟ. ಡ್ರೈವರ್ ಆಗಲು ಯಾರಿಗೂ ಮನಸ್ಸಿಲ್ಲ! ಹಣ, ಟಿಕೆಟು, ಗಂಟೆಯ ಹಗ್ಗ ಎಲ್ಲವೂ ಕಂಡಕ್ಟರನ ಕೈಯಲ್ಲೇ ಇರುವಾಗ ಬೇರೆ ಯಾರಾಗಬೇಕು?

1950ರಲ್ಲಿ ಆರಂಭವಾದ ಪಿ.ಎಂ.ಟಿ. 2007ರಲ್ಲಿ ಪಿಂಪ್ರಿ-ಚಿಂಚ್ವಡದ ಸಾರಿಗೆಯೊಂದಿಗೆ ಸೇರಿ ಪಿ.ಎಂ.ಪಿ.ಎಂ.ಎಲ್. ಆಯಿತು. ಪಂಚಿನ ಜಾಗಕ್ಕೆ ಟಿಕೆಟ್ ಯಂತ್ರ ಬಂತು. ನಗುನಗುತ್ತಾ ಮಾತಾಡಿಸಿದ ಆ ಕಂಡಕ್ಟರುಗಳ ಹೆಸರು ಮಾತ್ರ ಯಾವ ಮಕ್ಕಳಿಗೂ ಆಗ ಗೊತ್ತಿರಲಿಲ್ಲ, ಈಗ ಕೇಳಿ ತಿಳಿಯುವುದೂ ಸಾಧ್ಯವಿಲ್ಲ.

ಪುಣೆಯ ಬಸ್ಸಿನಲ್ಲಿ ಕನ್ನಡದ ಮಕ್ಕಳು ಹೀಗೆ ಮರಾಠಿ ಕಲಿಯುತ್ತಿದ್ದ ಕಾಲದಲ್ಲೇ, ಬೆಂಗಳೂರಿನಲ್ಲಿ ಮರಾಠಿ ಮನೆಮಾತಿನ ಯುವಕನೊಬ್ಬ ಕನ್ನಡದಲ್ಲಿ ಟಿಕೆಟ್ ಕೊಡುತ್ತಿದ್ದ. ಅವನ ಹೆಸರು ಮಾತ್ರ ಇಡೀ ಜಗತ್ತಿಗೆ ಗೊತ್ತಾಯಿತು. ಶಿವಾಜಿರಾವ್ ಗಾಯಕವಾಡ್, ಅಂದರೆ ರಜನಿಕಾಂತ್.

ಇವರ ಪೂರ್ವಜರ ಊರು ನಮ್ಮ ಪುಣೆ ಜಿಲ್ಲೆಯದೇ. ಪುರಂದರ ತಾಲೂಕಿನ ಮಾವಡಿ ಕಡೇಪಠಾರ್. ಜೇಜುರಿಯ ಖಂಡೋಬನ ದರ್ಶನಕ್ಕೆ ಹೋಗಿ ಬರುವ ಪುಣೆ ಕನ್ನಡಿಗರಲ್ಲಿ ಎಷ್ಟು ಮಂದಿಗೆ ಇದು ಗೊತ್ತೋ! ಶಿವಾಜಿರಾವ್ ಹುಟ್ಟಿದ್ದು 1950ರ ಡಿಸೆಂಬರ್ 12ರಂದು, ಬೆಂಗಳೂರಿನಲ್ಲಿ. ತಂದೆ ರಾಮೋಜಿರಾವ್ ಪೊಲೀಸ್ ಕಾನ್‌ಸ್ಟೆಬಲ್. ಮನೆಯಲ್ಲಿ ಮರಾಠಿ, ಬೀದಿಯಲ್ಲೂ ಶಾಲೆಯಲ್ಲೂ ಕನ್ನಡ. ಓದಿದ್ದು ಗವಿಪುರದ ಸರ್ಕಾರಿ ಕನ್ನಡ ಶಾಲೆಯಲ್ಲಿ, ಆಮೇಲೆ ಆಚಾರ್ಯ ಪಾಠಶಾಲೆಯಲ್ಲಿ. ಕೂಲಿಯೂ ಸೇರಿ ಹಲವು ಕೆಲಸ ಮಾಡಿ ಕೊನೆಗೆ ಸೇರಿದ್ದು ಬಿ.ಟಿ.ಎಸ್., ಅಂದರೆ ಬೆಂಗಳೂರು ಸಾರಿಗೆ ಸೇವೆಯ ಕಂಡಕ್ಟರ್ ಹುದ್ದೆಗೆ.

1970ರ ದಶಕದ ಆರಂಭದ ಆ ದಿನಗಳನ್ನು ಹೇಳಬೇಕಾದವರು ಅದೇ ಬಸ್ಸಿನ ಡ್ರೈವರ್ ರಾಜ್ ಬಹಾದ್ದೂರ್. ಅವರು ಸಂದರ್ಶನಗಳಲ್ಲಿ ಹೇಳಿಕೊಂಡು ಬಂದಿರುವಂತೆ, ಇವರ 10ಎ ಬಸ್ಸಿನಲ್ಲಿ ಟಿಕೆಟ್ ಕೊಡುವುದೇ ಒಂದು ಆಟ. ಕೂದಲು ಹಾರಿಸುತ್ತಾ, ಎಲ್ಲರಿಗಿಂತ ಬೇಗ ಟಿಕೆಟ್ ಹರಿದು, ಚಿಲ್ಲರೆಯನ್ನು ತಮ್ಮದೇ ಶೈಲಿಯಲ್ಲಿ ಕೊಟ್ಟು ಮುಗಿಸುತ್ತಿದ್ದರಂತೆ. ಖಾಲಿ ಬಸ್ಸು ಮುಂದೆ ಬಂದು ನಿಂತರೂ ಹತ್ತದೆ ಇದೇ ಬಸ್ಸಿಗೆ ಕಾಯುವವರಿದ್ದರಂತೆ. ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಕೌಂಟರಿನ ಹಿಂದೆ ಕುಳಿತವರಿಗೆ ಇದರ ಬೆಲೆ ಗೊತ್ತು. ಸಾಲು ಉದ್ದವಿದ್ದರೂ ಜನ ಒಂದೇ ಕಿಟಕಿಯ ಮುಂದೆ ನಿಲ್ಲುತ್ತಾರೆಂದರೆ ಅಲ್ಲಿ ಕುಳಿತವನಲ್ಲಿ ಏನೋ ಇದೆ ಎಂದೇ ಅರ್ಥ.

ಆಗ ಆ ದಾರಿಯಲ್ಲಿ ಶಾಲೆಗೆ ಹೋಗುತ್ತಿದ್ದ ಮಕ್ಕಳಿಗೆ ಈಗ ಅರುವತ್ತು ದಾಟಿದೆ. 'ನಾನೂ ಅವರ ಕೈಯಿಂದ ಟಿಕೆಟ್ ತಗೊಂಡಿದ್ದೆ' ಎನ್ನುವ ಹಿರಿಯರು ಬೆಂಗಳೂರಿನಲ್ಲಿ ಧಾರಾಳವಾಗಿ ಸಿಗುತ್ತಾರೆ. ಎಲ್ಲರ ಮಾತೂ ನಿಜವಾದರೆ ಆ ಬಸ್ಸಿಗೆ ನಾಲ್ಕು ಅಂತಸ್ತಾದರೂ ಬೇಕಿತ್ತು. ಇರಲಿ, ಬಾಲ್ಯದ ನೆನಪಿಗೆ ಯಾರೂ ಟಿಕೆಟ್ ತೋರಿಸಬೇಕಾಗಿಲ್ಲ.

ಕೆಲಸದ ನಡುವೆ ಪೌರಾಣಿಕ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದ ಗೆಳೆಯನನ್ನು ನಟನೆ ಕಲಿಯಲು ಮದರಾಸಿಗೆ ಹೋಗುವಂತೆ ಒತ್ತಾಯಿಸಿದವರೂ ರಾಜ್ ಬಹಾದ್ದೂರ್ ಅವರೇ. ಡ್ರೈವರನ ಸಂಬಳ ಎಷ್ಟಿದ್ದೀತು? ಅದರಲ್ಲೇ ಉಳಿಸಿ ಗೆಳೆಯನ ಖರ್ಚಿಗೆ ಕಳುಹಿಸಿದರು. ಆ ಹೊತ್ತಿಗೆ ನಮ್ಮ ಪುಣೆಯ ಲಾ ಕಾಲೇಜು ರಸ್ತೆಯಲ್ಲಿ 1960ರಿಂದಲೇ ಫಿಲ್ಮ್ ಇನ್‌ಸ್ಟಿಟ್ಯೂಟ್ ಇತ್ತು, ನಟನೆಯನ್ನೂ ಕಲಿಸುತ್ತಿದ್ದರು. ಪೂರ್ವಜರ ಜಿಲ್ಲೆಗೇ ಬಂದಿದ್ದರೆ ಏನಾಗುತ್ತಿತ್ತೋ! ಆದರೆ 1973ರಲ್ಲಿ ಅವರು ಹೋದದ್ದು ಮದರಾಸಿಗೆ. ಕೆ. ಬಾಲಚಂದರ್ ಅವರ ಕಣ್ಣಿಗೆ ಬಿದ್ದು, ತಮಿಳು ಕಲಿತು, 1975ರಲ್ಲಿ 'ಅಪೂರ್ವ ರಾಗಂಗಳ್' ಚಿತ್ರದಲ್ಲಿ ಕಾಣಿಸಿಕೊಂಡರು. ಮರುವರ್ಷವೇ ಪುಟ್ಟಣ್ಣ ಕಣಗಾಲ್ ಅವರ 'ಕಥಾಸಂಗಮ'. 'ಸಹೋದರರ ಸವಾಲ್', 'ಕಿಲಾಡಿ ಕಿಟ್ಟು' ಚಿತ್ರಗಳಲ್ಲಿ ವಿಷ್ಣುವರ್ಧನ್ ಜತೆ ಇದ್ದದ್ದನ್ನು ನಮ್ಮ ಹಿರಿಯ ಓದುಗರು ಮರೆತಿರಲಾರರು. ಮುಂದಿನದು ಎಲ್ಲರಿಗೂ ಗೊತ್ತಿರುವುದೇ. 1995ರ 'ಬಾಷಾ' ಚಿತ್ರದಲ್ಲಿ ಆಟೋ ಚಾಲಕನಾಗಿ ಖಾಕಿ ತೊಟ್ಟು ಬಂದಾಗ ಕಂಡಕ್ಟರ್ ಶಿವಾಜಿಯನ್ನು ಬಲ್ಲವರಿಗೆ ಅದು ವೇಷವೆನಿಸಿರಲಿಕ್ಕಿಲ್ಲ.

2021ರ ಅಕ್ಟೋಬರ್ 25ರಂದು ದೆಹಲಿಯಲ್ಲಿ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸ್ವೀಕರಿಸಿದಾಗ ಅವರು ಗುರು ಬಾಲಚಂದರ್ ಅವರನ್ನೂ ಅಣ್ಣ ಸತ್ಯನಾರಾಯಣರಾವ್ ಅವರನ್ನೂ ನೆನೆದರು. ಅದೇ ಉಸಿರಿನಲ್ಲಿ, ತನ್ನೊಳಗಿನ ನಟನನ್ನು ಗುರುತಿಸಿದವನು ಕರ್ನಾಟಕದ ಬಸ್ ಡ್ರೈವರ್ ಗೆಳೆಯ ರಾಜ್ ಬಹಾದ್ದೂರ್ ಎಂದು ಹೇಳಿದರು. ಆ ವೇದಿಕೆಯಲ್ಲಿ ಅದುವರೆಗೆ ಎಷ್ಟು ಮಂದಿ ಬಸ್ ಡ್ರೈವರುಗಳ ಹೆಸರು ಕೇಳಿಬಂದಿತ್ತು?

2023ರ ಆಗಸ್ಟ್ 29ರಂದು ಮುನ್ಸೂಚನೆಯೇ ಇಲ್ಲದೆ ಬೆಂಗಳೂರಿನ ಜಯನಗರದ ಬಿ.ಎಂ.ಟಿ.ಸಿ. ಡಿಪೋಗೆ ರಜನಿಕಾಂತ್ ಬಂದಿಳಿದರು. ಹಿಂದೆ ತಾವು ಕೆಲಸ ಮಾಡಿದ್ದ ಜಾಗವದು. ಡ್ಯೂಟಿಯಲ್ಲಿದ್ದ ಡ್ರೈವರುಗಳು, ಕಂಡಕ್ಟರುಗಳು, ಮೆಕ್ಯಾನಿಕ್ಕುಗಳು ಓಡಿ ಬಂದು ಸುತ್ತ ನೆರೆದರು. ಎಲ್ಲರೊಂದಿಗೂ ಮಾತಾಡಿ, ಫೋಟೋಕ್ಕೆ ನಿಂತು, ಹೊರಟರು.