ಬಯಲುಸೀಮೆಯ ಕುದುರೆ ಕರಾವಳಿಗೆ ಇಳಿದಾಗ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಿಂದ ದುಡಿಮೆಯನ್ನರಸಿ ಘಟ್ಟ ಇಳಿಯುವ ಕುಟುಂಬಗಳು ಬಹಳ. ಮಳೆ ಕೈಕೊಟ್ಟ ವರ್ಷ ಮಂಗಳೂರು, ಉಡುಪಿ, ಗೋವೆಯ ಕಡೆಗೆ ಹೋಗುವ ಬಸ್ಸುಗಳಲ್ಲಿ ನಮ್ಮ ಕಡೆಯ ಮಾತೇ ಹೆಚ್ಚಾಗಿ ಕೇಳುತ್ತದೆ. ಹೆಂಡಿರು ಮಕ್ಕಳು, ಪಾತ್ರೆ ಪಡಗ, ರೊಟ್ಟಿಯ ಬುತ್ತಿ, ಇಷ್ಟನ್ನು ಕಟ್ಟಿಕೊಂಡು ಹೊರಡುವುದು ಕಷ್ಟವಾದರೂ ಗೊತ್ತಿರುವ ಕಷ್ಟ. ಆದರೆ ಮದುವೆಯ ಮೆರವಣಿಗೆಗೋ, ಗಾಡಿಗೋ, ಕುರಿಮಂದೆಯ ಸಾಮಾನು ಹೊರುವುದಕ್ಕೋ ಒಂದು ಕುದುರೆಯನ್ನು ಸಾಕಿಕೊಂಡವರಿಗೆ ಇನ್ನೊಂದು ಚಿಂತೆ ಉಂಟು. ಈ ಪ್ರಾಣಿಯನ್ನು ಮಾರಿ ಹೋಗುವುದೋ, ನೆಂಟರಲ್ಲಿ ಬಿಟ್ಟು ಹೋಗುವುದೋ, ಜೊತೆಗೇ ಕರೆದೊಯ್ಯುವುದೋ? ಕರಾವಳಿಯಲ್ಲಿಯೂ ಮದುವೆಗಳಿವೆ; ಕಡಲ ದಂಡೆಯಲ್ಲಿ ಸವಾರಿಗೆ ಕಾಸು ಕೊಡುವ ಪ್ರವಾಸಿಗಳಿದ್ದಾರೆ. ಆಸೆ ಸಹಜವೇ. ಆ ಆಸೆಗೆ ಅಲ್ಲಿಯ ಮಳೆಗಾಲ ಏನು ಬೆಲೆ ಕೇಳುತ್ತದೆಂಬುದನ್ನು ಮಾತ್ರ ಹೊರಡುವ ಮೊದಲೇ ತಿಳಿದುಕೊಳ್ಳಬೇಕು.

ಕೊಪ್ಪಳ ಜಿಲ್ಲೆಯಲ್ಲಿ ವರ್ಷವೆಲ್ಲ ಬೀಳುವ ಮಳೆ ಸುಮಾರು 600 ಮಿಲಿಮೀಟರು, ಹಳೆಯ ಲೆಕ್ಕದಲ್ಲಿ 24 ಅಂಗುಲ. ಮಂಗಳೂರು, ಉಡುಪಿ, ಕಾರವಾರಗಳ ಕಡಲಂಚಿನಲ್ಲಿ ಅದರ ಐದಾರು ಪಟ್ಟು ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ನಮ್ಮಲ್ಲಿ ಮಳೆ ಬಂದು ಹೋಗುತ್ತದೆ. ಅಲ್ಲಿ ಬಂದು ನಿಲ್ಲುತ್ತದೆ. ಗಂಗಾವತಿಯ ಕಾಲುವೆ ಕೆಳಗಿನವರಿಗೆ ಗದ್ದೆಯ ಕೆಸರಿನ ಪರಿಚಯವಾದರೂ ಇದೆ. ಕುಷ್ಟಗಿಯ ಮಸಾರಿ ನೆಲದಲ್ಲಿ ಬೆಳೆದ ಕುದುರೆಗೆ ನಾಲ್ಕು ತಿಂಗಳ ಸತತ ತೇವವೆಂದರೆ ಬೇರೆಯೇ ಒಂದು ಲೋಕ.

ಚರಿತ್ರೆಯನ್ನು ತೆರೆದು ನೋಡಿದರೆ ಕುದುರೆಯ ದಾರಿ ಇದಕ್ಕೆ ತಿರುವುಮುರುವಾಗಿತ್ತು. ವಿಜಯನಗರದ ಕಾಲದಲ್ಲಿ ಹೊರ್ಮುಜ್, ಏಡನ್ ಮೊದಲಾದ ಒಣನಾಡಿನ ಬಂದರುಗಳಿಂದ ಹಡಗೇರಿದ ಕುದುರೆಗಳು ಭಟ್ಕಳ, ಹೊನ್ನಾವರ, ಗೋವೆಗಳಲ್ಲಿ ಇಳಿದು ಘಟ್ಟ ಹತ್ತಿ ತುಂಗಭದ್ರೆಯ ದಡಕ್ಕೆ ಬರುತ್ತಿದ್ದವು. ಗಂಗಾವತಿ ತಾಲ್ಲೂಕಿನ ಆನೆಗೊಂದಿಯೂ ಹೊಳೆಯಾಚೆಯ ಹಂಪೆಯೂ ಆ ವ್ಯಾಪಾರದ ಕೊನೆಯ ನಿಲ್ದಾಣ. ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕುದುರೆಗಳನ್ನು ಹಿಡಿದು ನಡೆಸುವ ಪರದೇಶಿಗಳ ಚಿತ್ರಗಳನ್ನು ಇಂದಿಗೂ ನೋಡಬಹುದು. ಸುಮಾರು 1535ರ ಹೊತ್ತಿಗೆ ಅಲ್ಲಿದ್ದ ಪೋರ್ತುಗೀಜ ನ್ಯೂನಿಜನು, ಅರಸನು ವರ್ಷಕ್ಕೆ 13,000 ಹೊರ್ಮುಜ್ ಕುದುರೆಗಳನ್ನೂ ನಾಡಕುದುರೆಗಳನ್ನೂ ಕೊಳ್ಳುತ್ತಿದ್ದನೆಂದು ಬರೆದಿದ್ದಾನೆ. ಸಾಳುವ ನರಸಿಂಹನ ವಿಷಯದಲ್ಲಿ ಅವನು ಹೇಳುವ ಮಾತು ಇನ್ನೂ ಸ್ವಾರಸ್ಯವಾದುದು. ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ವರ್ತಕನು ತಂದು ತೋರಿಸಿದರೆ ಸಾಕು, ಬದುಕಿದ್ದ ಕುದುರೆಯ ಬೆಲೆಯನ್ನೇ ಅರಸನು ಕೊಡುತ್ತಿದ್ದನಂತೆ. 1547ರಲ್ಲಿ ವಿಜಯನಗರವು ಗೋವೆಯ ಪೋರ್ತುಗೀಜರೊಡನೆ ಮಾಡಿಕೊಂಡ ಒಪ್ಪಂದದಲ್ಲಿಯೂ ಕುದುರೆಯ ವ್ಯಾಪಾರವೇ ಮುಖ್ಯ ಅಂಶ.

ಇಲ್ಲಿ ಗಮನಿಸಬೇಕಾದುದು ಒಂದುಂಟು. ಇಷ್ಟೊಂದು ಕುದುರೆಗಳು ನಮ್ಮ ಕರಾವಳಿಯಲ್ಲಿ ಇಳಿದರೂ ಕರಾವಳಿ ಕುದುರೆಯ ನಾಡಾಗಲಿಲ್ಲ. ಕೊಳ್ಳುವ ಅರಸು ಘಟ್ಟದ ಮೇಲಿದ್ದನೆಂಬುದು ಒಂದು ಕಾರಣ. ಕುದುರೆಗೆ ಒಪ್ಪುವ ಒಣನೆಲ ಮೇಲೆಯೇ ಇತ್ತೆಂಬುದು ಇನ್ನೊಂದು. ಹೆಸರಾದ ಕುಣಿಗಲ್ಲಿನ ಕುದುರೆ ಫಾರಂ ಇರುವುದು ಬಯಲಿನಲ್ಲಿ. ಭೀಮಥಡಿ ಕುದುರೆ ಬೆಳೆದದ್ದು ಭೀಮಾ ನದಿಯ ದಂಡೆಯ ಒಣಸೀಮೆಯಲ್ಲಿ. ತುಳುನಾಡಿನವರಾದರೋ ತಮ್ಮ ಕೆಸರುಗದ್ದೆಯ ಓಟಕ್ಕೆ ಕೋಣವನ್ನು ಕಟ್ಟಿದರು. ಆ ನೆಲಕ್ಕೆ ಆ ಪ್ರಾಣಿ ತಕ್ಕದ್ದು.

ನೆಲ ಒಗ್ಗದಿರುವುದರ ಜೊತೆಗೆ ಸಾಕುವವರಿಗೆ ತಿಳಿವಳಿಕೆಯೂ ಇಲ್ಲವಾದರೆ ಏನಾಗುತ್ತದೆಂಬುದಕ್ಕೆ ಮಾರ್ಕೋ ಪೋಲೋ ಸಾಕ್ಷಿ. 13ನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಅವನು, ಅಲ್ಲಿಗೆ ಬಂದ ಸಾವಿರಾರು ಕುದುರೆಗಳಲ್ಲಿ ಹೆಚ್ಚಿನವು ವರ್ಷ ತಿರುಗುವಷ್ಟರಲ್ಲಿ ಸಾಯುತ್ತಿದ್ದವೆಂದೂ, ಅವುಗಳಿಗೆ ಬೇಯಿಸಿದ ಅನ್ನವನ್ನೂ ಮಾಂಸವನ್ನೂ ತಿನ್ನಿಸುತ್ತಿದ್ದರೆಂದೂ, ಲಾಳ ಕಟ್ಟಿ ಆರೈಕೆ ಮಾಡಬಲ್ಲವರು ಅಲ್ಲಿಗೆ ಹೋಗದಂತೆ ವರ್ತಕರೇ ತಡೆಯುತ್ತಿದ್ದರೆಂದೂ ಬರೆದಿದ್ದಾನೆ. ಕುದುರೆ ಸತ್ತಷ್ಟೂ ವರ್ತಕನಿಗೆ ಲಾಭವಲ್ಲವೆ! ನಮ್ಮ ಬಡ ಒಡೆಯನಿಗಾದರೋ ಇರುವುದು ಒಂದೇ ಕುದುರೆ. ಬಾಲ ತೋರಿಸಿದರೆ ಬೆಲೆ ಕೊಡುವ ಅರಸನೂ ಈಗಿಲ್ಲ. ಆದ್ದರಿಂದ ಮಳೆನಾಡು ಕುದುರೆಯನ್ನು ಹೇಗೆ ಬಾಧಿಸುತ್ತದೆಂಬುದನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಗೊರಸು. ಗೊರಸು ನಮ್ಮ ಉಗುರಿನಂಥ ವಸ್ತು. ನೀರನ್ನು ಹೀರಿ ಮೆತ್ತಗಾಗುತ್ತದೆ. ಹಗಲೆಲ್ಲ ಕೆಸರಿನಲ್ಲಿಯೂ ರಾತ್ರಿಯೆಲ್ಲ ಸಗಣಿ ಗಂಜಳದಲ್ಲಿಯೂ ನಿಂತ ಕುದುರೆಯ ಗೊರಸಿನ ತಳದ ನಡುವೆ ಇರುವ ಮೂರುಮೂಲೆಯ ಮೆತ್ತನೆಯ ಭಾಗ ಕೊಳೆಯತೊಡಗುತ್ತದೆ. ಕಪ್ಪು ರಸ, ತಡೆಯಲಾಗದ ದುರ್ವಾಸನೆ, ಇವು ಅದರ ಗುರುತು. ಬಿಟ್ಟರೆ ಒಳಗೆ ಕೀವು ಸೇರಿ ಕುದುರೆ ಕುಂಟುತ್ತದೆ. ಒದ್ದೆಯಾಗುವುದು, ಒಣಗುವುದು, ಮತ್ತೆ ಒದ್ದೆಯಾಗುವುದು, ಈ ಏರಿಳಿತದಲ್ಲಿ ಲಾಳದ ಮೊಳೆಗಳೂ ಸಡಿಲವಾಗುತ್ತವೆ. ದಿನಕ್ಕೆರಡು ಸಲ ನಾಲ್ಕು ಗೊರಸನ್ನೂ ಎತ್ತಿ, ಕೆಸರು ಕೆರೆದು, ಬಟ್ಟೆಯಿಂದ ಒರಸುವುದೇ ಇದಕ್ಕೆ ಮುಖ್ಯ ಉಪಾಯ. ಆರೇಳು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ನೋಡಿಸಬೇಕು. ಕರಾವಳಿಯಲ್ಲಿ ನಾಲಬಂದರು ಸಿಗುವುದು ಕಷ್ಟ. ಹೋಗುವ ಊರಿನ ಹತ್ತಿರ ಯಾರಿದ್ದಾರೆಂಬುದನ್ನು ಮನೆ ಬಾಡಿಗೆ ಗೊತ್ತುಮಾಡುವ ಮೊದಲೇ ವಿಚಾರಿಸಿ.

ಎರಡನೆಯದು ಚರ್ಮ. ಮೈಯ ಕೂದಲು ದಿನಗಟ್ಟಲೆ ನೆನೆದೇ ಇದ್ದರೆ ಒಂದು ಬಗೆಯ ಸೂಕ್ಷ್ಮಜೀವಿ ಚರ್ಮದೊಳಕ್ಕೆ ಇಳಿಯುತ್ತದೆ. ಬೆನ್ನಿನ ಮೇಲೆ ಹಕ್ಕಳೆಗಳೆದ್ದು, ಕಿತ್ತರೆ ಕೂದಲು ಕುಚ್ಚಾಗಿ ಕೈಗೆ ಬರುತ್ತದೆ. ಗೊರಸಿನ ಮೇಲ್ಭಾಗದ ಹಿಮ್ಮಡಿಯಲ್ಲಿಯೂ ಹೀಗೆಯೇ ಬಿರುಕು ಹುಣ್ಣುಗಳಾಗುತ್ತವೆ. ಒದ್ದೆಯಾದ ಜೀನು, ಒದ್ದೆಯಾದ ಕಂಬಳಿಗಳನ್ನು ಮೈಮೇಲೆ ಹಾಕಲೇಬಾರದು. ಒಂದು ಕುದುರೆಗೆ ಬಳಸಿದ ಬ್ರಷ್ಷನ್ನು ಇನ್ನೊಂದಕ್ಕೆ ಬಳಸಬಾರದು. ಮೈ ಒಣಗಿಸಿ ಉಜ್ಜಿದ ಮೇಲೆಯೇ ಕುದುರೆಯನ್ನು ಕಟ್ಟಬೇಕು.

ಮೂರನೆಯದು ಬೆವರು. ಕುದುರೆಯೂ ಮನುಷ್ಯನಂತೆ ಬೆವರಿ ಮೈ ತಂಪು ಮಾಡಿಕೊಳ್ಳುತ್ತದೆ. ಯಲಬುರ್ಗಾದ ಬಿಸಿಲು ಎಷ್ಟೇ ಸುಟ್ಟರೂ ಒಣಗಾಳಿ ಬೆವರನ್ನು ಒಡನೆ ಹೀರುತ್ತದೆ. ಕರಾವಳಿಯ ಗಾಳಿಯಲ್ಲಿ ನೀರಿನಂಶವೇ ತುಂಬಿರುವುದರಿಂದ ಬೆವರು ಆರದೆ ಸುಮ್ಮನೆ ಹರಿಯುತ್ತದೆ. ಒಳಗಿನ ಕಾವು ಇಳಿಯುವುದಿಲ್ಲ. ಕೆಲವು ಕುದುರೆಗಳಲ್ಲಿ ಕ್ರಮೇಣ ಬೆವರುವುದೇ ನಿಂತುಹೋಗುತ್ತದೆ. ಮೈ ಒಣಗಿ, ಮೂಗಿನ ಹೊಳ್ಳೆ ಅರಳಿ, ನೆರಳಿನಲ್ಲಿ ನಿಂತಾಗಲೂ ಏದುಸಿರು ಬಿಡುವ ಕುದುರೆಯನ್ನು ಕಂಡರೆ ಕೆಲಸ ನಿಲ್ಲಿಸಿ, ನೀರು ಹೊಯ್ದು, ವೈದ್ಯರನ್ನು ಕರೆಯಬೇಕು. ಆರೋಗ್ಯವಾಗಿರುವ ಕುದುರೆ ನಿಂತಲ್ಲಿ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡುತ್ತದೆ. ಪಕ್ಕೆಯ ಏರಿಳಿತವನ್ನು ಗಡಿಯಾರ ಹಿಡಿದು ಎಣಿಸುವುದನ್ನು ಮನೆಯ ಹುಡುಗರಿಗೂ ಕಲಿಸಿಕೊಡಿ. ಹೊಸ ಹವೆಗೆ ಒಗ್ಗಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಬೆಳಗಿನ ತಂಪಿನಲ್ಲಿ ಮಾತ್ರ ಹಗುರವಾದ ಕೆಲಸ. ಬೆವರಿನೊಡನೆ ಉಪ್ಪೂ ಹೋಗುವುದರಿಂದ ದಿನವೂ ಒಂದಷ್ಟು ಉಪ್ಪನ್ನು ಮೇವಿನಲ್ಲಿ ಬೆರೆಸಿ, ಶುದ್ಧವಾದ ನೀರನ್ನು ಸದಾ ಎದುರಿಗಿಡಿ.

ನಾಲ್ಕನೆಯದು ಮೇವು. ಇದರಲ್ಲಿ ಅಪಾಯ ಹೆಚ್ಚು. ಕುದುರೆಗೆ ವಾಂತಿ ಮಾಡುವ ಶಕ್ತಿಯಿಲ್ಲ. ಹೊಟ್ಟೆಗೆ ಹೋದ ಕೆಟ್ಟದ್ದು ಶೂಲೆಯಾಗಿ ಕಾಡಿ ಒಂದು ರಾತ್ರಿಯಲ್ಲೇ ಪ್ರಾಣ ತೆಗೆಯಬಹುದು. ನಮ್ಮಲ್ಲಿ ಕಣಕಿಯ ಬಣವೆ ವರ್ಷವಿಡೀ ಬಯಲಿನಲ್ಲಿದ್ದರೂ ಕೆಡುವುದು ಕಡಿಮೆ. ಅಲ್ಲಿ ಮಳೆಗಾಲದ ಹದಿನೈದು ದಿನದಲ್ಲಿ ಮೇವಿಗೂ ಹುರುಳಿಗೂ ಬೂಸಲು ಹಿಡಿಯುತ್ತದೆ. ಬೂಸಲು ಬಂದ ಮೇವು ಹೊಟ್ಟೆಯನ್ನಷ್ಟೇ ಅಲ್ಲ, ಅದರ ಧೂಳಿನಿಂದ ಪುಪ್ಪುಸವನ್ನೂ ಕೆಡಿಸಿ ಗೂರಲು ಹತ್ತಿಸುತ್ತದೆ. ಬಿಸಿಲಿಗೆ ಹಾಕಿ ಕೊಡವಿದರೆ ಸರಿಹೋಯಿತೆಂದು ತಿಳಿಯಬೇಡಿ; ಅದನ್ನು ಎಸೆಯುವುದೇ ಲಾಭ. ಕರಾವಳಿಯಲ್ಲಿ ಸುಲಭವಾಗಿ ಸಿಗುವ ಭತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ. ಅದೊಂದನ್ನೇ ನಂಬಿದರೆ ಕುದುರೆ ಬಡವಾಗುತ್ತದೆ. ಹಾಗೆಂದು ಒಮ್ಮೆಲೆ ಮೇವು ಬದಲಿಸಲೂ ಕೂಡದು. ಊರಿನಿಂದ ಹತ್ತು ಹದಿನೈದು ದಿನದ ಕಣಕಿಯನ್ನೂ ಹುರುಳಿಯನ್ನೂ ಜೊತೆಗೇ ಒಯ್ದು, ಹೊಸ ಮೇವನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಕಡಲ ದಂಡೆಯಲ್ಲಿ ಕುದುರೆ ಇಡುವವರಿಗೆ ಇನ್ನೊಂದು ಮಾತು: ಮೇವನ್ನು ಉಸುಕಿನ ಮೇಲೆ ಹಾಕಬೇಡಿ. ಮೇವಿನೊಡನೆ ಒಳಹೋದ ಉಸುಕು ಕರುಳಿನಲ್ಲಿ ಕೂತು ಶೂಲೆ ತರುತ್ತದೆ. ತೊಟ್ಟಿಯಲ್ಲೋ ಬುಟ್ಟಿಯಲ್ಲೋ ಹಾಕಿ ತಿನ್ನಿಸಿ.

ಐದನೆಯದು ನೊಣ. ಮಳೆಯ ದಿನಗಳಲ್ಲಿಯೂ ಆಮೇಲೆಯೂ ಹೆಚ್ಚುವ ಕಚ್ಚುವ ದೊಡ್ಡ ನೊಣಗಳು ಸರ್ರಾ ಎಂಬ ರೋಗವನ್ನು ಒಂದು ಪ್ರಾಣಿಯ ರಕ್ತದಿಂದ ಇನ್ನೊಂದಕ್ಕೆ ದಾಟಿಸುತ್ತವೆ. ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯನು 1880ರಲ್ಲಿ ವಾಯವ್ಯದ ಡೇರಾ ಇಸ್ಮಾಯಿಲ್ ಖಾನದಲ್ಲಿ ರೋಗಪೀಡಿತ ಪ್ರಾಣಿಗಳ ರಕ್ತದಲ್ಲಿ ಇದರ ಜೀವಾಣುವನ್ನು ಕಂಡುಹಿಡಿದನು. ಬಿಟ್ಟು ಬಿಟ್ಟು ಬರುವ ಜ್ವರ, ಮೇವು ತಿಂದರೂ ಇಳಿಯುವ ಮೈ, ಹೊಟ್ಟೆಯ ಅಡಿಯಲ್ಲಿಯೂ ಕಾಲಿನಲ್ಲಿಯೂ ಬಾವು, ಇವನ್ನು ಕಂಡೊಡನೆ ರಕ್ತ ಪರೀಕ್ಷೆ ಮಾಡಿಸಿದರೆ ಔಷಧವಿದೆ. ತಡವಾದರೆ ಕುದುರೆ ಕೈತಪ್ಪುತ್ತದೆ. ಲಾಯದ ಸುತ್ತ ಲದ್ದಿ ಕೊಳೆಯಲು ಬಿಡದಿರುವುದು, ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕುವುದು ನಮ್ಮ ಕೈಯಲ್ಲೇ ಇರುವ ಕೆಲಸ. ಹೊಗೆ ಮಾತ್ರ ಹೊರಗಿರಲಿ, ಲಾಯದೊಳಗೆ ತುಂಬದಿರಲಿ.

ಈ ಐದನ್ನೂ ಕೂಡಿಸಿ ನೋಡಿದರೆ ತಿಳಿಯುವುದು ಇಷ್ಟು. ಹೊಯ್ದು ಹೋಗುವ ಮಳೆಯಲ್ಲಿ ಒಮ್ಮೆ ನೆನೆದರೆ ಕುದುರೆಗೆ ಏನೂ ಆಗದು. ಅದನ್ನು ಕೆಡಿಸುವುದು ಆರದ ತೇವ. ಹಾಗಾದರೆ ಕುದುರೆಯೊಡನೆ ಬಯಲುಸೀಮೆಯ ಒಂದು ತುಂಡು ಒಣನೆಲವನ್ನೂ ಕರಾವಳಿಗೆ ಒಯ್ಯಬೇಕು. ಆ ಒಣನೆಲವೆಂದರೆ ಲಾಯ. ನೀರು ಹರಿದುಬರದ ದಿಬ್ಬದ ಮೇಲೆ, ಚಿರೇಕಲ್ಲಿನಿಂದ ಒಂದೂವರೆ ಅಡಿ ಎತ್ತರಿಸಿದ, ಗಂಜಳ ಹರಿದುಹೋಗುವಂತೆ ತುಸು ಇಳಿಜಾರಿರುವ ನೆಲ. ಎರಚಲು ತಡೆಯುವಷ್ಟು ಮುಂದಕ್ಕೆ ಚಾಚಿದ ಸೂರು. ಗಾಳಿಗಾಗಿ ಎರಡು ಪಕ್ಕ ತೆರವು. ಹಾಸಲು ಮರದ ಒಣ ಹೊಟ್ಟು, ಒದ್ದೆಯಾದದ್ದನ್ನು ದಿನವೂ ತೆಗೆದು ಹಾಕಬೇಕು. ಮೇವಿಗೆ ನೆಲ ತಾಗದ ಅಟ್ಟ. ಮನೆಯವರು ಪ್ಲಾಸ್ಟಿಕ್ ಹಾಳೆಯ ಕೆಳಗೆ ಮಲಗಿ ಹೇಗೋ ಮಳೆಗಾಲ ಕಳೆದಾರು, ಕುದುರೆ ಕಳೆಯಲಾರದು.

ಪ್ರಯಾಣದ ವಿಷಯದಲ್ಲಿ ಎರಡು ಮಾತು. ಕೊಪ್ಪಳದಿಂದ ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದರೆ ಅಂಕೋಲೆ. ಸುಮಾರು 250 ಕಿಲೋಮೀಟರಿನ ದಾರಿ. ಪ್ರಾಣಿಗಳ ಸಾಗಾಣಿಕೆಯ 1978ರ ನಿಯಮಗಳ ಪ್ರಕಾರ ಕುದುರೆ ಪ್ರಯಾಣಕ್ಕೆ ಯೋಗ್ಯವಾಗಿದೆಯೆಂಬ ಪಶುವೈದ್ಯರ ಪತ್ರ ಬೇಕು. ಅದನ್ನು ಪಡೆಯಲು ಹೋದಾಗಲೇ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿ, ಗ್ಲಾಂಡರ್ಸ್ ರೋಗದ ಪರೀಕ್ಷೆಯ ಬಗೆಗೂ ಕೇಳಿಕೊಳ್ಳಿ. ಅದು ಮನುಷ್ಯರಿಗೂ ಅಂಟುವ ರೋಗ. ವಾಹನವನ್ನು ದಾರಿಯಲ್ಲಿ ನಿಲ್ಲಿಸಿ ನೀರು ಕುಡಿಸಿ, ಘಟ್ಟದ ತಿರುವುಗಳಲ್ಲಿ ನಿಧಾನವಾಗಿ ಇಳಿಸಿ.

ಯಾವಾಗ ಹೋಗಬೇಕೆಂಬುದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಇದಕ್ಕೆ ಮಹಾರಾಷ್ಟ್ರದ ಧನಗರರು ತಲೆತಲಾಂತರದಿಂದ ಉತ್ತರ ಕಂಡುಕೊಂಡಿದ್ದಾರೆ. ಕುದುರೆಗಳ ಮೇಲೆ ಸಂಸಾರ ಹೇರಿಕೊಂಡು ಕುರಿಯೊಡನೆ ಅವರು ಕೊಂಕಣಕ್ಕೆ ಇಳಿಯುವುದು ಮಳೆ ಮುಗಿದ ಮೇಲೆ, ದೀಪಾವಳಿಯ ಹೊತ್ತಿಗೆ. ಗದ್ದೆಗಳಲ್ಲಿ ಕುರಿ ನಿಲ್ಲಿಸಿ ಗೊಬ್ಬರಕ್ಕೆ ಪ್ರತಿಯಾಗಿ ಕಾಳುಕಡಿ ಪಡೆದು, ಮುಂಗಾರು ಕಡಲಿನಿಂದ ಏಳುವ ಮೊದಲೇ ಮೇಲಿನ ಒಣನಾಡಿಗೆ ಮರಳುತ್ತಾರೆ. ಕರಾವಳಿಯ ಮದುವೆಗಳೂ ಪ್ರವಾಸಿಗಳ ಜಾತ್ರೆಯೂ ಇದೇ ಒಣ ತಿಂಗಳುಗಳಲ್ಲಿ ಬರುತ್ತವೆ. ಆದ್ದರಿಂದ ದೀಪಾವಳಿ ಕಳೆದ ಮೇಲೆ ಕುದುರೆಯನ್ನು ಇಳಿಸಿ, ರೋಹಿಣಿ ಮಳೆಗೆ ಮುಂಚೆ ಊರಿಗೆ ಹತ್ತಿಸಿ, ಮಳೆಯ ನಾಲ್ಕು ತಿಂಗಳು ಅಣ್ಣತಮ್ಮಂದಿರ ಹೊಲದ ಬದುವಿನಲ್ಲಿ ಮೇಯಲು ಬಿಡುವುದು ಬಹುಮಂದಿಗೆ ಒಪ್ಪುವ ದಾರಿ. ಸಾಗಾಣಿಕೆಯ ಖರ್ಚು ಎರಡು ಸಲ ಬಂದರೂ, ಒಂದು ಕುದುರೆಯ ಬೆಲೆಯ ಮುಂದೆ ಅದು ಚಿಕ್ಕದು.

ಮಳೆಗಾಲದಲ್ಲಿಯೂ ಅಲ್ಲಿಯೇ ಇಡಬೇಕಾದವರು ಮೊದಲು ಒಬ್ಬರೇ ಹೋಗಿ ಲಾಯ ಕಟ್ಟಿ, ಮೇವು ಕೂಡಿಸಿ, ಪಶುವೈದ್ಯರ ಆಸ್ಪತ್ರೆಯನ್ನು ನೋಡಿಕೊಂಡು ಬರಲಿ. ಕುದುರೆಯನ್ನು ಆಮೇಲೆ ಒಯ್ಯಲಿ. ಆ ಅನುಕೂಲ ಒದಗದಿದ್ದರೆ, ಮನಸ್ಸಿಗೆ ಎಷ್ಟೇ ಕಹಿಯಾದರೂ, ಊರಿನಲ್ಲಿಯೇ ಚೆನ್ನಾಗಿ ಸಾಕುವವರ ಕೈಗೆ ಅದನ್ನು ಒಪ್ಪಿಸುವುದು ಮೇಲು. ಇಷ್ಟು ವರ್ಷ ನಿಮ್ಮ ಮನೆಯನ್ನು ಹೊತ್ತ ಪ್ರಾಣಿ ಅದು. ಹೊರಡುವ ದಿನದ ಲೆಕ್ಕದಲ್ಲಿ ಅದರ ನಾಲ್ಕು ಕಾಲುಗಳಿಗೂ ಒಣಗಿದ ಜಾಗವೊಂದನ್ನು ಬರೆದಿಟ್ಟುಕೊಳ್ಳಿ.